ಯೆಹೂದಿ ಧ್ಯಾನ ಮತ್ತು ಅಂತರಂಗಶುದ್ಧಿ

ಯೆಹೂದಿ ಧರ್ಮದಲ್ಲಿ ಧ್ಯಾನ, ಏಕಾಂತ ಪ್ರಾರ್ಥನೆ ಮತ್ತು ಆತ್ಮಪರೀಕ್ಷೆಗಳ ಮೂಲಕ ಹೃದಯವನ್ನು ಶುದ್ಧಿಗೊಳಿಸಿಕೊಳ್ಳುವ ಸಾಧನೆಯು ಮಿಷ್ನಾ ಕಾಲದಿಂದ ಇಂದಿನವರೆಗೆ ಹಲವು ರೂಪಗಳಲ್ಲಿ ನಡೆದುಬಂದಿದೆ. ಇದು ಒಬ್ಬ ಗುರು ಸ್ಥಾಪಿಸಿದ ಒಂದೇ ಪದ್ಧತಿಯಲ್ಲ. ಸ್ಪೇನ್, ಈಜಿಪ್ಟ್, ಗಲಿಲಾಯದ ಸಫೇದ್ ನಗರ, ಇಟಲಿ, ಉಕ್ರೇನ್ ಮತ್ತು ಲಿಥುವೇನಿಯಗಳಲ್ಲಿ ಬೇರೆ ಬೇರೆ ಶತಮಾನಗಳಲ್ಲಿ ಬೆಳೆದ ಅನೇಕ ಪರಂಪರೆಗಳನ್ನು ಈ ಹೆಸರಿನಡಿ ಸೇರಿಸಲಾಗುತ್ತದೆ. ಇವುಗಳಲ್ಲಿ ಬಹುಪಾಲಿಗೆ ಸಮಾನವಾದ ಅಂಶವೆಂದರೆ, ಶುದ್ಧಿ ಎಂಬುದು ಮನಸ್ಸನ್ನು ಬರಿದುಗೊಳಿಸುವುದಲ್ಲ, ಮಾಡುವ ಕಾರ್ಯದ ಹಿಂದಿರುವ ಉದ್ದೇಶದಲ್ಲಿ ಸ್ವಾರ್ಥದ ಬೆರಕೆ ಇಲ್ಲದಂತೆ ಮಾಡುವುದು ಎಂಬ ತಿಳಿವಳಿಕೆ. ಪ್ರಾರ್ಥನೆ, ದಾನ, ಶಾಸ್ತ್ರಾಧ್ಯಯನ ಮೊದಲಾದ ವಿಧಿಗಳನ್ನು ಬಿಟ್ಟು ಧ್ಯಾನವೊಂದನ್ನೇ ಮಾರ್ಗವಾಗಿ ಹಿಡಿದವರು ಈ ಧರ್ಮದಲ್ಲಿ ವಿರಳ. ಆದರೆ ಉದ್ದೇಶದ ಶುದ್ಧಿ ಮುಖ್ಯವೋ ವಿಧಿಯ ಆಚರಣೆ ಮುಖ್ಯವೋ ಎಂಬ ಪ್ರಶ್ನೆಯು 18ನೇ ಶತಮಾನದಲ್ಲಿ ಸಮುದಾಯವನ್ನೇ ಇಬ್ಭಾಗವಾಗಿಸಿದ ವಿವಾದದ ಭಾಗವಾಯಿತು.

ಶುದ್ಧಿಯ ಪರಿಕಲ್ಪನೆ

ಹೀಬ್ರೂ ಬೈಬಲ್ಲಿನಲ್ಲಿ ಶುದ್ಧಿಯನ್ನು ‘ತಹರಾ’ ಎಂದೂ ಅಶುದ್ಧಿಯನ್ನು ‘ತುಮಾ’ ಎಂದೂ ಕರೆಯಲಾಗಿದೆ. ಇವು ಮೊದಲಿಗೆ ಯೆರೂಸಲೇಮಿನ ದೇವಾಲಯಕ್ಕೆ ಸಂಬಂಧಿಸಿದ ವಿಧಿಸಂಬಂಧಿ ಪದಗಳು. ಶವಸ್ಪರ್ಶ, ಹೆರಿಗೆ, ಋತುಸ್ರಾವ, ಕೆಲವು ದೇಹಸ್ರಾವಗಳು ಮತ್ತು ಚರ್ಮರೋಗಗಳಿಂದ ತುಮಾ ಉಂಟಾಗುತ್ತದೆ ಎಂದು ಯಾಜಕಕಾಂಡವು ವಿಧಿಸುತ್ತದೆ. ತುಮಾ ಉಳ್ಳವನು ದೇವಾಲಯವನ್ನು ಪ್ರವೇಶಿಸುವಂತಿರಲಿಲ್ಲ, ಬಲಿಯ ಪ್ರಸಾದವನ್ನು ಉಣ್ಣುವಂತಿರಲಿಲ್ಲ. ಆದರೆ ತುಮಾ ಪಾಪವಲ್ಲ. ಸತ್ತವರ ಅಂತ್ಯಸಂಸ್ಕಾರ ಮಾಡುವುದು ಯೆಹೂದಿ ಧರ್ಮದಲ್ಲಿ ದೊಡ್ಡ ಪುಣ್ಯಕಾರ್ಯ. ಅದನ್ನು ಮಾಡಿದವನಿಗೂ ತುಮಾ ತಗಲುತ್ತದೆ. ಕನ್ನಡ ಓದುಗರಿಗೆ ‘ಮಡಿ-ಮೈಲಿಗೆ’ ಎಂಬ ಜೋಡಿಪದವು ಇದಕ್ಕೆ ಹತ್ತಿರವೆನಿಸಬಹುದು. ಸೂತಕದ ಮೈಲಿಗೆಯಂತೆ ಇದೂ ಕಾಲಾನುಸಾರ ಬಂದುಹೋಗುವ ಸ್ಥಿತಿ. ಆದರೆ ಜಾತಿಯಿಂದ ಬರುವ ಮೈಲಿಗೆಯ ಕಲ್ಪನೆ ಇಲ್ಲಿಲ್ಲವಾದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು.

ಶುದ್ಧಿಯನ್ನು ಮರಳಿ ಪಡೆಯುವ ಮುಖ್ಯ ವಿಧಾನ ‘ಮಿಕ್ವೆ’ ಎಂಬ ಕೊಳದಲ್ಲಿ ಮುಳುಗುವುದು. ಕೊಳದಲ್ಲಿ ಕನಿಷ್ಠ 40 ಸೆಆ ನೀರಿರಬೇಕು. ಇದು ಇಂದಿನ ಅಳತೆಯಲ್ಲಿ ಹಲವು ನೂರು ಲೀಟರುಗಳಾಗುತ್ತದೆ. ಆ ನೀರು ಪಾತ್ರೆಯಿಂದ ತುಂಬಿಸಿದ್ದಾಗಿರದೆ ಮಳೆಯಿಂದಲೋ ಒರತೆಯಿಂದಲೋ ತಾನಾಗಿ ಸಂಗ್ರಹವಾದದ್ದಾಗಿರಬೇಕು. ಮೈಗೂ ನೀರಿಗೂ ನಡುವೆ ಉಂಗುರ, ಬಟ್ಟೆ, ಕೊಳೆ ಯಾವುದೂ ಅಡ್ಡ ಬರಬಾರದು, ಒಂದು ಕೂದಲೂ ನೀರಿನ ಮೇಲೆ ಉಳಿಯಬಾರದು. ಹಾಗಾಗಿ ಮೈ ತೊಳೆದು ಸ್ವಚ್ಛವಾದ ಬಳಿಕವೇ ಮಿಕ್ವೆಗೆ ಇಳಿಯಬೇಕು. ಕೊಳೆ ತೊಳೆಯುವುದು ಮಿಕ್ವೆಯ ಕೆಲಸವಲ್ಲ ಎಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಸಾ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನು ನಾಶಮಾಡಿದ ನಂತರ ಈ ನಿಯಮಗಳಲ್ಲಿ ಹೆಚ್ಚಿನವುಗಳ ಪ್ರಾಯೋಗಿಕ ಅಗತ್ಯ ಉಳಿಯಲಿಲ್ಲ. ದಾಂಪತ್ಯದ ಶುದ್ಧಿನಿಯಮಗಳು, ಮತಾಂತರಗೊಳ್ಳುವವರ ಮುಳುಗುಸ್ನಾನ, ಯಾಜಕ ವಂಶಸ್ಥರು ಶವದಿಂದ ದೂರವಿರುವ ಪದ್ಧತಿ ಮುಂತಾದ ಕೆಲವು ಮಾತ್ರ ಬಳಕೆಯಲ್ಲಿ ಉಳಿದವು. ದೇವಾಲಯವಿಲ್ಲದ ಕಾಲದಲ್ಲಿ ಶುದ್ಧಿ ಎಂಬ ಪದವು ಕ್ರಮೇಣ ಒಳಮುಖವಾಗಿ ತಿರುಗಿತು. ಈ ತಿರುವಿಗೆ ಬೀಜ ಬೈಬಲ್ಲಿನಲ್ಲಿಯೇ ಇತ್ತು. ಕೀರ್ತನೆಗಳ 51ನೇ ಅಧ್ಯಾಯದಲ್ಲಿ ಕವಿಯು ತನ್ನಲ್ಲಿ ಶುದ್ಧಹೃದಯವನ್ನು ಹೊಸದಾಗಿ ಸೃಷ್ಟಿಸುವಂತೆ ದೇವರನ್ನು ಬೇಡುತ್ತಾನೆ. 24ನೇ ಕೀರ್ತನೆಯು ದೇವರ ಬೆಟ್ಟವನ್ನು ಏರಲು ಯೋಗ್ಯನಾದವನ ಲಕ್ಷಣಗಳಲ್ಲಿ ಕೈಗಳ ಶುದ್ಧಿಯ ಜೊತೆಗೆ ಹೃದಯದ ಶುದ್ಧಿಯನ್ನೂ ಹೇಳುತ್ತದೆ. ಮಿಷ್ನಾದ ಯೋಮಾ ಭಾಗದ ಕೊನೆಯಲ್ಲಿ ರಬ್ಬಿ ಅಕಿವ ಅವರು ಪ್ರವಾದಿ ಯೆರೆಮೀಯನ ಮಾತೊಂದರ ಶ್ಲೇಷವನ್ನು ಬಳಸಿಕೊಂಡು ದೇವರೇ ಇಸ್ರಾಯೇಲಿನ ಮಿಕ್ವೆ ಎನ್ನುತ್ತಾರೆ. ಹೀಬ್ರೂವಿನಲ್ಲಿ ‘ಮಿಕ್ವೆ’ ಎಂದರೆ ಕೊಳ ಎಂದೂ ಭರವಸೆ ಎಂದೂ ಅರ್ಥ.

ಈ ವಿಚಾರವನ್ನು ಅತ್ಯಂತ ಸ್ಪಷ್ಟವಾಗಿ ನಿರೂಪಿಸಿದವರು ಮೈಮೊನಿಡೀಸ್ (1138–1204). ತಮ್ಮ ಧರ್ಮಸಂಹಿತೆಯಾದ ‘ಮಿಷ್ನೆ ತೋರಾ’ದಲ್ಲಿ ಮಿಕ್ವೆಯ ಬಗೆಗಿನ ಎಲ್ಲ ತಾಂತ್ರಿಕ ನಿಯಮಗಳನ್ನೂ ವಿವರಿಸಿದ ಮೇಲೆ, ಪ್ರಕರಣದ ಕೊನೆಯಲ್ಲಿ ಅವರು ಅನಿರೀಕ್ಷಿತವಾದ ಒಂದು ಮಾತನ್ನು ಸೇರಿಸುತ್ತಾರೆ. ತುಮಾ ಎನ್ನುವುದು ನೀರಿನಿಂದ ಹೋಗುವ ಕೆಸರಲ್ಲ; ಅದು ಶಾಸ್ತ್ರದ ಕಟ್ಟಳೆ, ಹೃದಯದ ಉದ್ದೇಶವನ್ನು ಅವಲಂಬಿಸಿದ್ದು. ಇದರಲ್ಲಿ ಒಂದು ಸೂಚನೆಯೂ ಇದೆ. ಶುದ್ಧನಾಗಬೇಕೆಂದು ಮನಸ್ಸು ಮಾಡಿ ನೀರಿಗಿಳಿದವನು ದೇಹದಲ್ಲಿ ಯಾವ ಬದಲಾವಣೆ ಆಗದಿದ್ದರೂ ಶುದ್ಧನಾಗುವಂತೆ, ದುರಾಲೋಚನೆ ಮತ್ತು ದುರ್ಗುಣಗಳನ್ನು ಬಿಡಲು ನಿಶ್ಚಯಿಸಿ ತನ್ನ ಆತ್ಮವನ್ನು ಜ್ಞಾನದ ನೀರಿಗೆ ಇಳಿಸಿದವನೂ ಶುದ್ಧನಾಗುತ್ತಾನೆ ಎಂಬುದು ಅವರ ಅಭಿಪ್ರಾಯ. ಮುಂದಿನ ಬಹುತೇಕ ಪರಂಪರೆಗಳು ಈ ‘ಜ್ಞಾನದ ನೀರು’ ಯಾವುದು, ಅದರಲ್ಲಿ ಮುಳುಗುವುದು ಹೇಗೆ ಎಂಬುದಕ್ಕೆ ಉತ್ತರಗಳೆಂದು ಓದಬಹುದು.

ಪಾರಿಭಾಷಿಕ ಪದಗಳು

ಕನ್ನಡದ ‘ಧ್ಯಾನ’ಕ್ಕೆ ಸರಿಹೊಂದುವ ಒಂದೇ ಪದ ಹೀಬ್ರೂವಿನಲ್ಲಿಲ್ಲ. ‘ಕವಾನಾ’ ಎಂದರೆ ಮನಸ್ಸನ್ನು ಒಂದು ದಿಕ್ಕಿಗೆ ನೇರಗೊಳಿಸುವುದು. ಪ್ರಾರ್ಥನೆಯ ಮಾತಿನ ಮೇಲಿನ ಗಮನಕ್ಕೂ, ಕರ್ಮದ ಹಿಂದಿನ ಸಂಕಲ್ಪಕ್ಕೂ ಇದೇ ಪದ. ‘ಹಿತ್ಬೋನೆನೂತ್’ ಎಂಬುದು ಒಂದು ವಿಚಾರವನ್ನು ಅದರ ಎಲ್ಲ ವಿವರಗಳೊಂದಿಗೆ ದೀರ್ಘವಾಗಿ ಮನನ ಮಾಡುವುದು. ‘ಹಿತ್ಬೋದೆದೂತ್’ ಎಂದರೆ ಏಕಾಂತ. ಕೆಲವರಲ್ಲಿ ಅದು ಜನರಿಂದ ದೂರವಿರುವ ಬಾಹ್ಯ ಏಕಾಂತ, ಮತ್ತೆ ಕೆಲವರಲ್ಲಿ ಆಲೋಚನೆಗಳಿಂದ ಬಿಡುಗಡೆ ಹೊಂದುವ ಆಂತರಿಕ ಏಕಾಂತ. ‘ಹೆಶ್ಬೋನ್ ಹನೆಫೆಶ್’ ಎಂಬುದರ ಪದಶಃ ಅರ್ಥ ಆತ್ಮದ ಲೆಕ್ಕಪತ್ರ, ಅಂದರೆ ಆತ್ಮಪರೀಕ್ಷೆ. ಈ ಎಲ್ಲದರ ಗುರಿಯನ್ನು ‘ದೆವೇಕೂತ್’, ಅಂದರೆ ದೇವರಿಗೆ ಅಂಟಿಕೊಂಡಿರುವ ಸ್ಥಿತಿ ಎನ್ನಲಾಗುತ್ತದೆ. ಜೀವ ಮತ್ತು ದೇವರ ಪೂರ್ಣ ಐಕ್ಯವನ್ನು ಈ ಪದ ಸೂಚಿಸುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಗೆರ್ಶೊಮ್ ಶೋಲೆಮ್ (1897–1982) ಅವರು ಯೆಹೂದಿ ಅನುಭಾವದಲ್ಲಿ ಇಬ್ಬರ ನಡುವಿನ ಅಂತರ ಸಾಮಾನ್ಯವಾಗಿ ಉಳಿಯುತ್ತದೆ ಎಂದರೆ, ಮೋಶೆ ಇಡೆಲ್ ಅವರು ಐಕ್ಯದ ಭಾಷೆಯೂ ಸಾಕಷ್ಟಿದೆ ಎಂದು ವಾದಿಸಿದ್ದಾರೆ.

ಪ್ರಾಚೀನ ಮೂಲಗಳು

ಮಿಷ್ನಾದ ಬೆರಾಖೋತ್ ಭಾಗದ 5ನೇ ಅಧ್ಯಾಯವು ‘ಹಿಂದಿನ ಕಾಲದ ಭಕ್ತರು’ ಪ್ರಾರ್ಥನೆಗೆ ಮುಂಚೆ ಒಂದು ಗಂಟೆ ಕಾದು, ಹೃದಯವನ್ನು ದೇವರ ಕಡೆಗೆ ನೆಲೆಗೊಳಿಸಿಕೊಂಡು, ಬಳಿಕ ಪ್ರಾರ್ಥಿಸುತ್ತಿದ್ದರು ಎಂದು ತಿಳಿಸುತ್ತದೆ. ತಾಲ್ಮುಡ್ ಇದಕ್ಕೆ ಪ್ರಾರ್ಥನೆಯ ಒಂದು ಗಂಟೆಯನ್ನೂ ಅನಂತರದ ಒಂದು ಗಂಟೆಯನ್ನೂ ಸೇರಿಸಿ, ದಿನಕ್ಕೆ ಮೂರು ಪ್ರಾರ್ಥನೆಗಳಾದರೆ ಒಂಬತ್ತು ಗಂಟೆಗಳಾದವಲ್ಲ, ಹಾಗಿದ್ದರೆ ಅವರು ಓದುತ್ತಿದ್ದುದು ಯಾವಾಗ, ದುಡಿಯುತ್ತಿದ್ದುದು ಯಾವಾಗ ಎಂದು ಪ್ರಶ್ನಿಸುತ್ತದೆ. ಅವರ ಭಕ್ತಿಯ ಬಲದಿಂದ ಓದು ಮರೆಯುತ್ತಿರಲಿಲ್ಲ, ದುಡಿಮೆಗೆ ಆಶೀರ್ವಾದ ಸಿಗುತ್ತಿತ್ತು ಎಂಬುದು ಅಲ್ಲಿ ಕೊಟ್ಟಿರುವ ಉತ್ತರ. ಆ ಒಂದು ಗಂಟೆಯಲ್ಲಿ ಅವರು ನಿಖರವಾಗಿ ಏನು ಮಾಡುತ್ತಿದ್ದರು ಎಂಬುದನ್ನು ಮಿಷ್ನಾ ಹೇಳುವುದಿಲ್ಲ. ಈ ಮೌನವೇ ನಂತರದ ಎಲ್ಲ ಸಾಧಕರಿಗೂ ಅವಕಾಶವನ್ನು ಒದಗಿಸಿತು.

ತಾಲ್ಮುಡ್ಡಿನಲ್ಲಿ ಬರುವ ಮತ್ತು ಇಂದಿಗೂ ಪ್ರತಿದಿನ ಬೆಳಗ್ಗೆ ಹೇಳಲಾಗುವ ಒಂದು ಪ್ರಾರ್ಥನೆಯು ದೇವರು ಕೊಟ್ಟ ಆತ್ಮವು ಮೂಲತಃ ಶುದ್ಧವಾದುದು ಎಂದು ಘೋಷಿಸುತ್ತದೆ. ಹುಟ್ಟಿನಿಂದಲೇ ಬಂದ ಪಾಪವನ್ನು ತೊಳೆಯುವ ಕಲ್ಪನೆ ಇಲ್ಲಿಲ್ಲ. ಶುದ್ಧವಾಗಿ ಬಂದದ್ದನ್ನು ಶುದ್ಧವಾಗಿಯೇ ಹಿಂದಿರುಗಿಸುವುದು ಸಾಧಕನ ಹೊಣೆ.

ಮಧ್ಯಯುಗದ ಸ್ಪೇನ್ ಮತ್ತು ಈಜಿಪ್ಟ್

11ನೇ ಶತಮಾನದ ಸ್ಪೇನಿನಲ್ಲಿದ್ದ ಬಹ್ಯ ಇಬ್ನ್ ಪಾಕುದ ಅವರು ಯೆಹೂದಿ-ಅರಬ್ಬೀ ಭಾಷೆಯಲ್ಲಿ ಬರೆದ ‘ಹೃದಯದ ಕರ್ತವ್ಯಗಳು’ ಈ ವಿಷಯದ ಮೊದಲ ವ್ಯವಸ್ಥಿತ ಗ್ರಂಥ. 12ನೇ ಶತಮಾನದಲ್ಲಿ ಯೆಹೂದಾ ಇಬ್ನ್ ತಿಬ್ಬೋನ್ ಅದನ್ನು ‘ಹೋವೋತ್ ಹಲೆವಾವೋತ್’ ಎಂಬ ಹೆಸರಿನಲ್ಲಿ ಹೀಬ್ರೂವಿಗೆ ತಂದರು. ಕೈಕಾಲುಗಳು ಮಾಡುವ ಕರ್ತವ್ಯಗಳ ಬಗ್ಗೆ ಪಂಡಿತರು ಬೇಕಾದಷ್ಟು ಬರೆದಿದ್ದಾರೆ, ಹೃದಯದ ಕರ್ತವ್ಯಗಳನ್ನು ಮಾತ್ರ ಕಡೆಗಣಿಸಿದ್ದಾರೆ ಎಂಬ ಆಕ್ಷೇಪದೊಂದಿಗೆ ಅದು ಆರಂಭವಾಗುತ್ತದೆ. ಗ್ರಂಥದ ಹತ್ತು ‘ದ್ವಾರ’ಗಳಲ್ಲಿ ಐದನೆಯದು ಕರ್ಮವನ್ನು ದೇವರೊಬ್ಬನಿಗಾಗಿ ಮಾಡುವುದರ ಬಗ್ಗೆ, ಎಂಟನೆಯದು ಆತ್ಮಪರೀಕ್ಷೆಯ ಮೂವತ್ತು ಬಗೆಗಳ ಬಗ್ಗೆ ಇವೆ. ಸೂಫಿ ಬರಹಗಳ ಪ್ರಭಾವ ಇದರಲ್ಲಿ ಎದ್ದುಕಾಣುತ್ತದೆ.

ಮೈಮೊನಿಡೀಸ್ ಅವರು ತಮ್ಮ ತತ್ತ್ವಗ್ರಂಥದ ಮೂರನೆಯ ಭಾಗದ 51ನೇ ಅಧ್ಯಾಯದಲ್ಲಿ ಕ್ರಮಬದ್ಧವಾದ ಒಂದು ಅಭ್ಯಾಸವನ್ನು ಸೂಚಿಸಿದ್ದಾರೆ. ದೇವರ ಏಕತ್ವವನ್ನು ಸಾರುವ ‘ಶೆಮಾ’ ಪಠಣದ ವೇಳೆಯಲ್ಲಿ ಬೇರೆಲ್ಲ ಆಲೋಚನೆಗಳನ್ನು ದೂರವಿಡಬೇಕು. ಮೊದಲ ವಾಕ್ಯಕ್ಕೆ ತೃಪ್ತರಾಗಬಾರದು. ಇದು ವರ್ಷಗಳ ಅಭ್ಯಾಸದಿಂದ ಸಿದ್ಧಿಸಿದ ಮೇಲೆ ತೋರಾ ಓದುವಾಗ, ನಂತರ ಇತರ ಪ್ರಾರ್ಥನೆಗಳಲ್ಲಿ ಅದೇ ಗಮನವನ್ನು ವಿಸ್ತರಿಸಬೇಕು. ಮನೆವಾರ್ತೆ, ಆಸ್ತಿಪಾಸ್ತಿಗಳ ಚಿಂತೆಗೆ ಊಟದ ಹೊತ್ತು, ಸ್ನಾನದ ಹೊತ್ತು, ಹೆಂಡತಿ ಮಕ್ಕಳೊಡನೆ ಮಾತಾಡುವ ಹೊತ್ತು ಸಾಕು ಎನ್ನುತ್ತಾರೆ. ವೈದ್ಯರಾಗಿ ದಿನವಿಡೀ ರೋಗಿಗಳ ನಡುವೆ ಇರುತ್ತಿದ್ದ ವ್ಯಕ್ತಿಯ ಸಲಹೆ ಇದು ಎಂಬುದನ್ನು ನೆನೆದರೆ ಅದರ ಪ್ರಾಯೋಗಿಕತೆ ಅರ್ಥವಾಗುತ್ತದೆ.

ಅವರ ಮಗ ಅಬ್ರಹಾಂ (1186–1237) ಈಜಿಪ್ಟಿನ ಯೆಹೂದಿಗಳ ಮುಖ್ಯಸ್ಥರಾಗಿದ್ದರು. ಪ್ರಾರ್ಥನೆಗೆ ಮೊದಲು ಕೈಗಳೊಂದಿಗೆ ಕಾಲುಗಳನ್ನೂ ತೊಳೆಯುವುದು, ಸಾಲಾಗಿ ಕೂರುವುದು, ಸಾಷ್ಟಾಂಗ ನಮಸ್ಕಾರ ಮಾಡುವುದು ಮುಂತಾದವನ್ನು ಅವರು ಪ್ರೋತ್ಸಾಹಿಸಿದರು. ಇವು ಮುಸ್ಲಿಮರ ಪದ್ಧತಿಗಳೆಂದು ವಿರೋಧಿಗಳು ಸುಲ್ತಾನನವರೆಗೂ ದೂರು ಒಯ್ದರು. ಇಸ್ರಾಯೇಲಿನ ಪ್ರವಾದಿಗಳ ಪದ್ಧತಿಗಳೇ ಸೂಫಿಗಳಲ್ಲಿ ಉಳಿದುಕೊಂಡಿವೆ, ತಾವು ಅವನ್ನು ಮರಳಿ ಪಡೆಯುತ್ತಿದ್ದೇವೆ ಅಷ್ಟೆ ಎಂಬುದು ಅಬ್ರಹಾಂ ಅವರ ಸಮರ್ಥನೆಯಾಗಿತ್ತು.

ತೀರ ಭಿನ್ನವಾದ ಮಾರ್ಗ ಅಬ್ರಹಾಂ ಅಬೂಲಾಫಿಯ ಅವರದು. 1240ರಲ್ಲಿ ಸಾರಗೋಸದಲ್ಲಿ ಹುಟ್ಟಿದ ಇವರು ಹೀಬ್ರೂ ಅಕ್ಷರಗಳನ್ನು ಮತ್ತೆ ಮತ್ತೆ ಬೇರೆ ಕ್ರಮದಲ್ಲಿ ಜೋಡಿಸುತ್ತ, ಉಸಿರಾಟ ಮತ್ತು ತಲೆಯ ಚಲನೆಗಳೊಂದಿಗೆ ದೇವನಾಮಗಳನ್ನು ಉಚ್ಚರಿಸುವ ಪದ್ಧತಿಯನ್ನು ಬೋಧಿಸಿದರು. ಸಾಧಕನು ದೇಹಶುದ್ಧಿ ಮಾಡಿಕೊಂಡು, ಯಾರಿಗೂ ತಿಳಿಸದೆ ಏಕಾಂತದ ಮನೆಯನ್ನು ಆರಿಸಿಕೊಂಡು, ಸಾಧ್ಯವಾದರೆ ಬಿಳಿಯ ಬಟ್ಟೆ ಧರಿಸಿ, ರಾತ್ರಿಯಾದರೆ ಅನೇಕ ದೀಪಗಳನ್ನು ಹಚ್ಚಿ, ಲೇಖನಿ ಮತ್ತು ಮಸಿಯೊಂದಿಗೆ ಕೂರಬೇಕು ಎಂದು ಅವರು ವಿಧಿಸಿದ್ದಾರೆ. 1280ರಲ್ಲಿ ಪೋಪ್ ಮೂರನೆಯ ನಿಕೊಲಸ್ ಅವರನ್ನು ಕಾಣಲು ಹೊರಟದ್ದು, ತಮ್ಮನ್ನು ಪ್ರವಾದಿ ಎಂದುಕೊಂಡದ್ದು ಇವರನ್ನು ವಿವಾದಾಸ್ಪದರನ್ನಾಗಿಸಿತು. ಬಾರ್ಸಿಲೋನದ ರಬ್ಬಿ ಶ್ಲೋಮೊ ಇಬ್ನ್ ಅದ್ರೆತ್ ಇವರನ್ನು ಬಹಿರಂಗವಾಗಿ ಖಂಡಿಸಿದರು.

ಸಫೇದ್

1492ರಲ್ಲಿ ಸ್ಪೇನಿನಿಂದ ಹೊರಹಾಕಲ್ಪಟ್ಟ ಯೆಹೂದಿಗಳ ಹಲವು ಕುಟುಂಬಗಳು 16ನೇ ಶತಮಾನದಲ್ಲಿ ಗಲಿಲಾಯದ ಬೆಟ್ಟದ ಊರಾದ ಸಫೇದನ್ನು ಸೇರಿದವು. ಅಲ್ಲಿಯೇ ಯೋಸೆಫ್ ಕಾರೊ (1488–1575) ಅವರು ‘ಶುಲ್ಖಾನ್ ಅರುಖ್’ ಎಂಬ ಧರ್ಮಸಂಹಿತೆಯನ್ನು ರಚಿಸಿದರು. ಅದರ ಮೊದಲ ಭಾಗದ 98ನೇ ಪ್ರಕರಣವು ಪ್ರಾರ್ಥಿಸುವವನು ತನ್ನ ಎದುರಿಗೆ ದೇವಸಾನ್ನಿಧ್ಯವಿದೆಯೆಂದು ಭಾವಿಸಿ, ತೊಂದರೆ ಕೊಡುವ ಆಲೋಚನೆಗಳನ್ನು ಉಚ್ಚಾಟಿಸಿ, ಆಲೋಚನೆ ಶುದ್ಧವಾಗುವವರೆಗೆ ಕಾಯಬೇಕು ಎನ್ನುತ್ತದೆ. ನಡುವೆ ಬೇರೆ ಆಲೋಚನೆ ಬಂದರೆ ಅದು ಹೋಗುವ ತನಕ ಸುಮ್ಮನಿರಬೇಕು. ಅನುಭಾವಿಗಳ ಮಾತಾಗಬಹುದಾಗಿದ್ದ ಇದು ಕಟ್ಟಳೆಗಳ ಪುಸ್ತಕದೊಳಗೇ ಇದೆ ಎಂಬುದು ಗಮನಾರ್ಹ.

ಮೋಶೆ ಕೊರ್ದೊವೆರೊ (1522–1570) ‘ತೋಮೆರ್ ದೆವೋರಾ’ ಎಂಬ ಸಣ್ಣ ಕೃತಿಯಲ್ಲಿ ದೇವರ ಹದಿಮೂರು ಕರುಣಾಗುಣಗಳನ್ನು ದಿನನಿತ್ಯದ ನಡೆಯಲ್ಲಿ ಅನುಕರಿಸುವ ಬಗೆಯನ್ನು ವಿವರಿಸಿದರು. ಇಸಾಕ್ ಲೂರಿಯ (1534–1572) ಶಿಷ್ಯರಿಗೆ ‘ಯಿಹೂದಿಮ್’ ಎಂಬ, ದೇವನಾಮದ ಅಕ್ಷರಗಳನ್ನು ಮನಸ್ಸಿನಲ್ಲಿ ಹೆಣೆಯುವ ಧ್ಯಾನಗಳನ್ನು ಕಲಿಸಿದರು. ಅವರ ಮುಖ್ಯ ಶಿಷ್ಯ ಹಯ್ಯಿಮ್ ವಿತಾಲ್ (1542–1620) ಬರೆದ ‘ಶಆರೇ ಕೆದೂಷಾ’ದಲ್ಲಿ ಒಂದು ಕುತೂಹಲಕರ ಪ್ರಶ್ನೆಯಿದೆ: ಕೋಪ, ಅಹಂಕಾರಗಳನ್ನು ಬಿಡುವುದು ಇಷ್ಟು ಮುಖ್ಯವಾಗಿದ್ದರೆ ತೋರಾದ 613 ವಿಧಿಗಳಲ್ಲಿ ಅವೇಕೆ ಸೇರಿಲ್ಲ? ಗುಣಗಳು ವಿಧಿಗಳಿಗೆ ಅಡಿಪಾಯ, ಅಡಿಪಾಯವನ್ನು ಕಟ್ಟಡದ ಭಾಗವಾಗಿ ಎಣಿಸುವುದಿಲ್ಲ ಎಂಬರ್ಥದ ಉತ್ತರವನ್ನು ಅವರು ಕೊಡುತ್ತಾರೆ. ಆದ್ದರಿಂದ ವಿಧಿಲೋಪಕ್ಕಿಂತಲೂ ದುರ್ಗುಣಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಧ್ಯಾನದ ನೇರ ಸೂಚನೆಗಳಿದ್ದ ಈ ಗ್ರಂಥದ ನಾಲ್ಕನೆಯ ಭಾಗವು ಬಹಳ ಕಾಲ ಹಸ್ತಪ್ರತಿಯಲ್ಲಿಯೇ ಉಳಿಯಿತು. ಮೊದಲ ಮೂರು ಭಾಗಗಳು ಮಾತ್ರ ಅಚ್ಚಾಗಿ ಹರಡಿದವು. ಗುಣಶುದ್ಧಿಯಿಲ್ಲದವನ ಕೈಗೆ ಧ್ಯಾನತಂತ್ರಗಳು ಸಿಗಬಾರದೆಂಬ ಭಯ ಈ ಪರಂಪರೆಯುದ್ದಕ್ಕೂ ಕಾಣುತ್ತದೆ.

ಲುಜ್ಜಾತ್ತೊ ಮತ್ತು ಶುದ್ಧಿಯ ಸೋಪಾನ

ಅಂತರಂಗಶುದ್ಧಿಯನ್ನು ಒಂದು ನಿರ್ದಿಷ್ಟ ಹಂತವಾಗಿ ಗುರುತಿಸಿ ವಿವರಿಸಿದ ಅತ್ಯಂತ ಪ್ರಸಿದ್ಧ ಕೃತಿ ಪಾದುವದ ಮೋಶೆ ಹಯ್ಯಿಮ್ ಲುಜ್ಜಾತ್ತೊ ಅವರ ‘ಮೆಸಿಲ್ಲತ್ ಯೆಷಾರಿಮ್’ (ಋಜುಮಾರ್ಗಿಗಳ ಹಾದಿ). 1707ರಲ್ಲಿ ಜನಿಸಿದ ಲುಜ್ಜಾತ್ತೊ ತರುಣರಾಗಿದ್ದಾಗಲೇ ದಿವ್ಯವಾಣಿಯನ್ನು ಕೇಳುತ್ತೇನೆಂದು ಹೇಳಿಕೊಂಡದ್ದರಿಂದ ಸಂಶಯಕ್ಕೆ ಗುರಿಯಾದರು. ಕಬ್ಬಾಲಾ ಬರಹಗಳನ್ನು ನಿಲ್ಲಿಸುವಂತೆ ರಬ್ಬಿಗಳು ಒತ್ತಾಯಿಸಿದರು. ಊರು ಬಿಟ್ಟು ಆಮ್‌ಸ್ಟರ್‌ಡಾಮಿಗೆ ಹೋದ ಅವರು 1740ರಲ್ಲಿ ಅಲ್ಲಿ ಈ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ರಹಸ್ಯವಿದ್ಯೆಯ ಪರಿಭಾಷೆಯೇ ಇಲ್ಲವೆನ್ನಬಹುದು. ಯಾರ ಬರಹವನ್ನು ಪಂಡಿತರು ತಡೆದರೋ ಅವರ ಈ ಪುಸ್ತಕವೇ ಮುಂದೆ ಲಿಥುವೇನಿಯದ ಸಂಪ್ರದಾಯಸ್ಥ ಪಾಠಶಾಲೆಗಳ ನಿತ್ಯಪಠ್ಯವಾಯಿತು.

ತಾಲ್ಮುಡ್ಡಿನಲ್ಲಿ ರಬ್ಬಿ ಪಿನ್ಹಾಸ್ ಬೆನ್ ಯಾಯಿರ್ ಅವರ ಹೆಸರಿನಲ್ಲಿರುವ ಗುಣಗಳ ಸರಣಿಯನ್ನು ಲುಜ್ಜಾತ್ತೊ ಮೆಟ್ಟಿಲುಗಳಾಗಿ ಜೋಡಿಸಿದ್ದಾರೆ. ಎಚ್ಚರ, ಉತ್ಸಾಹ, ನಿರ್ಮಲತೆ, ವಿರಕ್ತಿ, ಶುದ್ಧಿ, ಭಕ್ತಿ, ವಿನಯ, ಪಾಪಭೀತಿ, ಪವಿತ್ರತೆ ಎಂಬ ಒಂಬತ್ತರಲ್ಲಿ ‘ತಹರಾ’ ಐದನೆಯದು. ಮೂರನೆಯದಾದ ನಿರ್ಮಲತೆಗೂ ಐದನೆಯದಾದ ಶುದ್ಧಿಗೂ ಏನು ವ್ಯತ್ಯಾಸ ಎಂಬುದೇ ಇಲ್ಲಿ ತಿಳಿಯಬೇಕಾದ ಮರ್ಮ. ನಿರ್ಮಲತೆ ಎಂದರೆ ನಿಷಿದ್ಧವಾದ ಯಾವುದರ ಸೋಂಕೂ ಇಲ್ಲದಿರುವುದು. ಶುದ್ಧಿಯು ತಪ್ಪೇ ಇಲ್ಲದ ಕಾರ್ಯಗಳನ್ನೂ ಪ್ರಶ್ನಿಸುತ್ತದೆ. ಉಣ್ಣುವುದು ತಪ್ಪಲ್ಲ, ಏತಕ್ಕಾಗಿ ಉಣ್ಣುತ್ತಿದ್ದೇನೆ? ದಾನ ಕೊಡುವುದು ಪುಣ್ಯ. ನಾಲ್ಕು ಜನ ನೋಡಲಿ ಎಂಬ ಆಸೆ ಅದರಲ್ಲಿ ಎಷ್ಟು ಪಾಲು? ಪೂರ್ತಿ ಮೋಸಕ್ಕಾಗಿ ಭಕ್ತಿ ತೋರಿಸುವವನ ವಿಷಯದಲ್ಲಿ ಚರ್ಚೆಯ ಅಗತ್ಯವೇ ಇಲ್ಲ. ಲುಜ್ಜಾತ್ತೊ ಅವರ ಕಾಳಜಿಯೆಲ್ಲ ಪ್ರಾಮಾಣಿಕನ ಕರ್ಮದಲ್ಲಿ ಅವನಿಗೇ ತಿಳಿಯದಂತೆ ಸೇರಿಕೊಳ್ಳುವ ಬೆರಕೆಯ ಬಗ್ಗೆ. ಹದಿಮೂರು ಜರಡಿಗಳಲ್ಲಿ ಜಾಲಿಸಿದ ಹಿಟ್ಟಿನಂತೆ ಕರ್ಮವು ನಿರ್ಮಿಶ್ರವಾಗಿರಬೇಕು ಎಂದು ಅವರು ದೇವಾಲಯದ ನೈವೇದ್ಯದ ಉಪಮೆಯನ್ನು ಬಳಸುತ್ತಾರೆ.

ಶುದ್ಧಿಯನ್ನು ಪಡೆಯುವ ಬಗೆಯೆಂದರೆ ಮನನ. ಸುಖಗಳ ಅಲ್ಪತೆಯನ್ನು ಮತ್ತು ಜನರ ಹೊಗಳಿಕೆಯ ಪೊಳ್ಳುತನವನ್ನು ಪದೇ ಪದೇ ಚಿಂತಿಸಿದರೆ ಅವುಗಳ ಸೆಳೆತ ತಾನಾಗಿ ಕಡಿಮೆಯಾಗುತ್ತದೆ. ಎರಡನೆಯದಾಗಿ, ಯಾವ ಪುಣ್ಯಕಾರ್ಯಕ್ಕೂ ಧುಮುಕಬಾರದು. ಮುಂಚೆ ಸ್ವಲ್ಪ ನಿಂತು, ತಾನೇನು ಮಾಡಲಿದ್ದೇನೆ, ಯಾರ ಮುಂದೆ ಮಾಡಲಿದ್ದೇನೆ ಎಂದು ಯೋಚಿಸಬೇಕು. ಮಿಷ್ನಾದ ಹಿಂದಿನ ಕಾಲದ ಭಕ್ತರ ಒಂದು ಗಂಟೆಯು ಇಂಥ ಸಿದ್ಧತೆಯೇ ಆಗಿತ್ತೆಂದು ಲುಜ್ಜಾತ್ತೊ ವ್ಯಾಖ್ಯಾನಿಸುತ್ತಾರೆ. ಹಾಗೆಂದು ಮಿಶ್ರ ಉದ್ದೇಶದಿಂದ ಮಾಡಿದ್ದು ವ್ಯರ್ಥವೆಂದು ಅವರು ಹೇಳುವುದಿಲ್ಲ. ಬೇರೆ ಉದ್ದೇಶದಿಂದ ಆರಂಭಿಸಿದವನು ಕ್ರಮೇಣ ಶುದ್ಧ ಉದ್ದೇಶಕ್ಕೆ ಬರುತ್ತಾನೆ ಎಂಬ ತಾಲ್ಮುಡ್ಡಿನ ಭರವಸೆ ಅವರಿಗೂ ಆಧಾರ.

ಹಸಿದೀ ಪಂಥ ಮತ್ತು ಪರಕೀಯ ಆಲೋಚನೆಗಳು

ಉಕ್ರೇನಿನಲ್ಲಿ ‘ಬಾಲ್ ಶೆಮ್ ತೋವ್’ ಎಂದು ಹೆಸರಾದ ಇಸ್ರಾಯೇಲ್ ಬೆನ್ ಎಲಿಯೇಜರ್ (ಸು. 1700–1760) ಅವರಿಂದ ಸ್ಫೂರ್ತಿ ಪಡೆದ ಹಸಿದೀ ಪಂಥವು ಧ್ಯಾನಪೂರ್ವಕ ಪ್ರಾರ್ಥನೆಯನ್ನು ಜನಸಾಮಾನ್ಯರ ನಡುವೆ ತಂದಿತು. ಬಹುಮಟ್ಟಿಗೆ ಕೈಬಿಟ್ಟುಹೋಗಿದ್ದ, ಪ್ರಾರ್ಥನೆಗೆ ಮುನ್ನ ಪುರುಷರು ಮಿಕ್ವೆಯಲ್ಲಿ ಮುಳುಗುವ ಪದ್ಧತಿಗೂ ಈ ಪಂಥ ಮಹತ್ತ್ವ ನೀಡಿತು. ಹಸಿದೀ ಪುರುಷರಲ್ಲಿ ಅನೇಕರು ಇಂದಿಗೂ ಬೆಳಗಿನ ಪ್ರಾರ್ಥನೆಗೆ ಮೊದಲು ಮಿಕ್ವೆಗೆ ಹೋಗುತ್ತಾರೆ.

ಧ್ಯಾನಕ್ಕೆ ಕುಳಿತ ಯಾರಿಗೂ ಪರಿಚಿತವಾದ ಒಂದು ಸಮಸ್ಯೆಯನ್ನು ಹಸಿದೀ ಗುರುಗಳು ವಿಸ್ತಾರವಾಗಿ ಚರ್ಚಿಸಿದರು. ಪ್ರಾರ್ಥನೆಯ ನಡುವೆ ಕಾಮ, ಲೋಭ, ಹೆಮ್ಮೆಗಳ ಆಲೋಚನೆ ನುಗ್ಗಿದರೆ ಏನು ಮಾಡಬೇಕು? ಬಾಲ್ ಶೆಮ್ ತೋವ್ ಅವರ ಹೆಸರಿನಲ್ಲಿ ಬಂದಿರುವ ಉತ್ತರ ಧೈರ್ಯದ್ದು: ಆ ಆಲೋಚನೆಯಲ್ಲಿಯೂ ದಿವ್ಯತೆಯ ಕಿಡಿಯೊಂದು ಸಿಕ್ಕಿಕೊಂಡಿದೆ, ಅದನ್ನು ಗುರುತಿಸಿ ಮೂಲಕ್ಕೆ ಏರಿಸಬೇಕು. ಸುಂದರವಾದುದರ ಮೋಹ ಬಂದರೆ ಎಲ್ಲ ಸೌಂದರ್ಯಕ್ಕೂ ಮೂಲವಾದುದನ್ನು ನೆನೆಯಬೇಕು. ಈ ಬೋಧನೆ ಎಷ್ಟು ಆಕರ್ಷಕವೋ ಅಷ್ಟೇ ಅಪಾಯಕರ ಎಂದು ಪಂಥದ ಒಳಗಿನವರಿಗೇ ಅನ್ನಿಸಿತು. ಖಬಾದ್ ಶಾಖೆಯ ಸ್ಥಾಪಕ ಶ್ನೆಉರ್ ಜಲ್ಮನ್ ಅವರು 1796ರಲ್ಲಿ ಮೊದಲು ಅಚ್ಚಾದ ‘ತನ್ಯಾ’ದ 28ನೇ ಅಧ್ಯಾಯದಲ್ಲಿ, ಆಲೋಚನೆಗಳನ್ನು ಏರಿಸುವುದು ಪೂರ್ಣ ಸಿದ್ಧರ ಕೆಲಸವೇ ಹೊರತು ಸಾಮಾನ್ಯರದಲ್ಲ, ತಾನೇ ಕೆಳಗೆ ಕಟ್ಟಿಹಾಕಲ್ಪಟ್ಟವನು ಮತ್ತೊಂದನ್ನು ಮೇಲೆತ್ತುವುದೆಂತು ಎಂದು ಬರೆದರು. ಅವರ ಸಲಹೆ ಸರಳ. ಪ್ರಾರ್ಥಿಸುತ್ತಿರುವವನ ಎದುರು ನಿಂತು ಒಬ್ಬನು ಬೇಕೆಂದೇ ಹರಟುತ್ತಿದ್ದರೆ ಅವನಿಗೆ ಉತ್ತರ ಕೊಡದೆ, ವಾದಿಸದೆ, ಕಿವುಡನಂತೆ ಮುಂದುವರಿಯುವುದೇ ಜಾಣತನ. ಜೊತೆಗೆ, ಇಂಥ ಆಲೋಚನೆ ಬಂತೆಂದು ತನ್ನ ಪ್ರಾರ್ಥನೆಯೇ ನಿಷ್ಪ್ರಯೋಜಕವೆಂದು ಕುಗ್ಗಬಾರದು. ದುಃಖವು ಅಶುದ್ಧ ಆಲೋಚನೆಗಿಂತ ಹೆಚ್ಚು ಹಾನಿ ಮಾಡುತ್ತದೆ ಎಂಬ ನಿಲುವು ಹಸಿದೀ ಬೋಧನೆಯಲ್ಲಿ ವ್ಯಾಪಕವಾಗಿದೆ.

ಖಬಾದ್ ಪದ್ಧತಿಯಲ್ಲಿ ಹಿತ್ಬೋನೆನೂತ್ ಬೌದ್ಧಿಕವಾದುದು; ಒಂದು ತತ್ತ್ವವನ್ನು ಕಲಿತು, ಅದರ ಎಳೆಎಳೆಯನ್ನೂ ಪ್ರಾರ್ಥನೆಗೆ ಮುಂಚೆ ಮತ್ತು ಪ್ರಾರ್ಥನೆಯ ವೇಳೆ ಮನನ ಮಾಡಬೇಕು, ಭಾವವು ಅದರ ಫಲವಾಗಿ ಬರಬೇಕು. ಎರಡನೆಯ ಗುರು ದೋವ್ ಬೆರ್ (1773–1827) ಭಾವೋದ್ರೇಕದ ಬಗ್ಗೆಯೇ ಒಂದು ಪ್ರಬಂಧ ಬರೆದು, ತನ್ನ ಉತ್ಸಾಹವನ್ನು ತಾನೇ ಸವಿಯುವ ಸಾಧಕನ ಆತ್ಮವಂಚನೆಯನ್ನು ಪದರ ಪದರವಾಗಿ ಬಿಡಿಸಿದರು.

ಬ್ರಾತ್ಸ್ಲವಿನ ನಹ್ಮಾನ್ (1772–1810) ಅವರ ಮಾರ್ಗದಲ್ಲಿ ಇಷ್ಟು ಪಾಂಡಿತ್ಯ ಬೇಕಿಲ್ಲ. ದಿನಕ್ಕೆ ಒಂದು ಗಂಟೆ, ರಾತ್ರಿಯಲ್ಲಿ, ಜನರು ಓಡಾಡದ ದಾರಿಯಲ್ಲಿಯೋ ಹೊಲದಲ್ಲಿಯೋ ಏಕಾಂಗಿಯಾಗಿ ನಿಂತು, ಹೀಬ್ರೂವಿನಲ್ಲಲ್ಲ, ತನ್ನ ಮನೆಮಾತಿನಲ್ಲಿಯೇ ದೇವರೊಡನೆ ಮಾತಾಡಬೇಕು. ಮಾತೇ ಹೊರಡದಿದ್ದರೆ ಒಂದೇ ಪದವನ್ನು ಪುನಃ ಪುನಃ ಹೇಳುತ್ತಿದ್ದರೂ ಸಾಕು. ಹೇಳಲಾಗುತ್ತಿಲ್ಲ ಎಂಬುದನ್ನೇ ಹೇಳಿಕೊಂಡರೂ ಆದೀತು. ಇಂದು ಯೆಹೂದಿಗಳಲ್ಲಿ ಅತ್ಯಂತ ವ್ಯಾಪಕವಾಗಿ ಅನುಸರಿಸಲಾಗುವ ಧ್ಯಾನಪದ್ಧತಿಗಳಲ್ಲಿ ಇದೂ ಒಂದು.

ವಿರೋಧ

1772ರಲ್ಲಿ ವಿಲ್ನಾ ನಗರದ ಯೆಹೂದಿ ಮುಖಂಡರು, ವಿದ್ವಾಂಸ ಎಲಿಯಾ (ವಿಲ್ನಾ ಗಾಓನ್) ಅವರ ಬೆಂಬಲದೊಂದಿಗೆ, ಹಸಿದೀ ಪಂಥದವರಿಗೆ ಬಹಿಷ್ಕಾರ ಹಾಕಿದರು. ಕಾರಣಗಳು ಹಲವು, ಮನಸ್ಸಿನ ಸಿದ್ಧತೆಯ ಹೆಸರಿನಲ್ಲಿ ಪ್ರಾರ್ಥನೆಯ ಶಾಸ್ತ್ರೋಕ್ತ ಸಮಯವನ್ನು ಮೀರುತ್ತಾರೆ ಎಂಬುದು ಆಕ್ಷೇಪಗಳಲ್ಲೊಂದು. ಗಾಓನರ ಶಿಷ್ಯ ವೊಲೊಜಿನಿನ ಹಯ್ಯಿಮ್ (1749–1821) ಅವರ ‘ನೆಫೆಶ್ ಹಹಯ್ಯಿಮ್’ 1824ರಲ್ಲಿ, ಅವರ ಮರಣಾನಂತರ ಪ್ರಕಟವಾಯಿತು. ಅದರ ವಾದ ತೀಕ್ಷ್ಣವಾದುದು. ಪಾಸ್ಕಾ ಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿಯನ್ನು ತಿನ್ನುವುದು ವಿಧಿ. ಒಬ್ಬನು ಶುದ್ಧ ಉದ್ದೇಶಕ್ಕಾಗಿ ಸಿದ್ಧನಾಗುತ್ತ ಬೆಳಗಾದ ಮೇಲೆ ತಿಂದರೆ ಅವನ ಶುದ್ಧಿಯಿಂದ ಆದ ಪ್ರಯೋಜನವೇನು? ಉದ್ದೇಶವಿಲ್ಲದೆ ಸಮಯಕ್ಕೆ ಸರಿಯಾಗಿ ತಿಂದವನಾದರೂ ವಿಧಿಯನ್ನು ಪೂರೈಸಿರುತ್ತಾನೆ. ಮನುಷ್ಯನನ್ನು ಪಾಪಕ್ಕೆಳೆಯಲಾಗದಿದ್ದಾಗ ದುಷ್ಪ್ರೇರಣೆಯು ಶುದ್ಧಿಯ ವೇಷದಲ್ಲಿಯೇ ಬರುತ್ತದೆ ಎಂದು ಅವರು ಎಚ್ಚರಿಸುತ್ತಾರೆ. ಆದರೆ ಹಯ್ಯಿಮ್ ಅವರು ಕವಾನಾದ ವಿರೋಧಿಯಲ್ಲ. ಪ್ರಾರ್ಥನೆಯ ಮಹತ್ತ್ವಕ್ಕೆ ಅವರ ಗ್ರಂಥದಲ್ಲಿ ದೀರ್ಘವಾದ ಭಾಗವೇ ಮೀಸಲಾಗಿದೆ.

ಮೂಸಾರ್ ಚಳವಳಿ

19ನೇ ಶತಮಾನದ ಲಿಥುವೇನಿಯದಲ್ಲಿ ಇಸ್ರಾಯೇಲ್ ಸಲಾಂತರ್ ಎಂದು ಪ್ರಸಿದ್ಧರಾದ ರಬ್ಬಿ (ನಿಧನ 1883) ಗುಣಶುದ್ಧಿಗಾಗಿಯೇ ‘ಮೂಸಾರ್’ ಚಳವಳಿಯನ್ನು ಆರಂಭಿಸಿದರು. ಶಾಸ್ತ್ರದಲ್ಲಿ ನಿಪುಣನಾದವನೂ ವ್ಯಾಪಾರದಲ್ಲಿ ಮೋಸ ಮಾಡಬಲ್ಲ, ಮನೆಯವರ ಮೇಲೆ ಸಿಡುಕಬಲ್ಲ. ಅಂದಮೇಲೆ ಓದು ಹೃದಯವನ್ನು ಮುಟ್ಟುತ್ತಿಲ್ಲ ಎಂಬುದು ಅವರ ಚಿಂತೆ. ಮನುಷ್ಯನನ್ನು ನಡೆಸುವ ಶಕ್ತಿಗಳಲ್ಲಿ ಹೆಚ್ಚಿನವು ಅವನ ಅರಿವಿಗೆ ಬಾರದ ಕತ್ತಲಲ್ಲಿವೆ, ತರ್ಕ ಅಲ್ಲಿಗೆ ತಲುಪದು ಎಂದು ಅವರು ಫ್ರಾಯ್ಡ್‌ಗಿಂತ ಬಹಳ ಮುಂಚೆ ಬರೆದರು. ಅದಕ್ಕಾಗಿ ನೀತಿಗ್ರಂಥಗಳ ಮಾತುಗಳನ್ನು ಮುಸ್ಸಂಜೆಯ ಮಬ್ಬಿನಲ್ಲಿ, ರಾಗವಾಗಿ, ಗಟ್ಟಿಯಾಗಿ, ಮನಸ್ಸು ಕಲಕುವಂತೆ ಪುನರುಚ್ಚರಿಸುವ ಅಭ್ಯಾಸ ಬಳಕೆಗೆ ಬ
ಂತು.

ಇದಕ್ಕೆ ಪೂರಕವಾಗಿ ಅವರು ಪುನರ್ಮುದ್ರಣಕ್ಕೆ ಪ್ರೋತ್ಸಾಹಿಸಿದ ‘ಹೆಶ್ಬೋನ್ ಹನೆಫೆಶ್’ ಎಂಬ ಪುಸ್ತಕದ ಕಥೆ ಸ್ವಾರಸ್ಯಕರ. ಸತಾನೊವಿನ ಮೆನಹೆಮ್ ಮೆಂಡೆಲ್ ಲೆಫಿನ್ 1808ರಲ್ಲಿ ಪ್ರಕಟಿಸಿದ ಈ ಪುಸ್ತಕದ ವಿಧಾನವನ್ನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನಿಂದ ಪಡೆಯಲಾಗಿತ್ತು. ಹದಿಮೂರು ಗುಣಗಳನ್ನು ಆರಿಸಿಕೊಂಡು, ವಾರಕ್ಕೊಂದರ ಮೇಲೆ ಗಮನವಿಟ್ಟು, ಪ್ರತಿರಾತ್ರಿ ತಪ್ಪುಗಳನ್ನು ಕೋಷ್ಟಕದಲ್ಲಿ ಗುರುತು ಹಾಕಬೇಕು. ವರ್ಷದಲ್ಲಿ ಇಡೀ ಸರಣಿ ನಾಲ್ಕು ಸಲ ಸುತ್ತುತ್ತದೆ.

ಸಲಾಂತರ್ ಅವರ ಶಿಷ್ಯಪರಂಪರೆ ಹಲವು ದಾರಿ ಹಿಡಿಯಿತು. ಕೆಲ್ಮ್ ಪಾಠಶಾಲೆಯಲ್ಲಿ ಸಿಮ್ಹಾ ಜಿಸ್ಸೆಲ್ (1824–1898) ಶಾಂತಿ, ಕ್ರಮಬದ್ಧತೆ, ಅವಸರವಿಲ್ಲದ ಗಮನಗಳನ್ನು ಕಲಿಸಿದರು. ನೊವಾರ್ದೊಕಿನ ಯೋಸೆಫ್ ಯೋಜೆಲ್ ಹೊರೊವಿತ್ಸ್ (1847–1919) ಅವರ ಶಿಷ್ಯರು ಔಷಧದ ಅಂಗಡಿಗೆ ಹೋಗಿ ಮೊಳೆ ಕೇಳಿ ನಗೆಪಾಟಲಾಗುತ್ತಿದ್ದರು ಎಂಬುದು ಪ್ರಸಿದ್ಧ ಉದಾಹರಣೆ. ಜನರ ಅಭಿಪ್ರಾಯದ ಭಯವನ್ನು ಮುರಿಯುವುದು ಅದರ ಉದ್ದೇಶ. ಇದಕ್ಕೆ ಟೀಕೆಯೂ ಇತ್ತು; ಮೂಸಾರಿನಿಂದ ಶಾಸ್ತ್ರಾಧ್ಯಯನದ ಸಮಯ ಹಾಳಾಗುತ್ತದೆ ಎಂದು 1890ರ ದಶಕದಲ್ಲಿ ಸ್ಲಾಬೊದ್ಕಾದಂಥ ಪಾಠಶಾಲೆಗಳಲ್ಲಿಯೇ ಕಲಹಗಳಾದವು.

20ನೇ ಶತಮಾನ ಮತ್ತು ಅನಂತರ

ಪೋಲೆಂಡಿನ ಪಿಯಾಸೆಚ್ನೊ ಊರಿನ ಹಸಿದೀ ಗುರು ಕಲೋನಿಮುಸ್ ಕಲ್ಮನ್ ಶಪಿರಾ (1889–1943) ಅವರು ‘ಹಷ್ಕಾತಾ’, ಅಂದರೆ ಮನಸ್ಸನ್ನು ಶಾಂತಗೊಳಿಸುವ ವಿಧಾನವನ್ನು ಬೋಧಿಸಿದರು. ಮೊದಲು ಹರಿದುಬರುವ ಆಲೋಚನೆಗಳನ್ನು ತಡೆಯದೆ ಹೊರಗಿನವನಂತೆ ಗಮನಿಸಬೇಕು. ಗಮನಿಸಿದಷ್ಟೂ ಅವು ನಿಧಾನವಾಗುತ್ತವೆ. ಗಡಿಯಾರದ ಮುಳ್ಳನ್ನು ಸ್ವಲ್ಪ ಹೊತ್ತು ನೋಡುತ್ತಿರುವುದೂ ಸಹಾಯಕ. ಮನಸ್ಸು ತಿಳಿಯಾದ ಬಳಿಕ ಶಾಸ್ತ್ರದ ಒಂದು ಮಾತನ್ನು ಮೆಲ್ಲಗೆ ಹೇಳಿಕೊಂಡು, ತನಗೆ ಬೇಕಾದ ಒಂದು ಗುಣಕ್ಕಾಗಿ, ಆಜ್ಞೆಯಾಗಿ ಅಲ್ಲದೆ ಕೋರಿಕೆಯಾಗಿ, ಪ್ರಾರ್ಥಿಸಬೇಕು. ಶಾಂತಿಯೇ ಗುರಿಯಲ್ಲ, ಗುಣಕ್ಕೆ ಎಡೆ ಮಾಡಿಕೊಡುವುದು ಗುರಿ ಎಂಬುದನ್ನು ಇಲ್ಲಿ ಗಮನಿಸಬೇಕು. ಶಪಿರಾ ಅವರು ವಾರ್ಸಾ ಘೆಟ್ಟೋದಲ್ಲಿ ಬಂಧಿತರಾಗಿದ್ದಾಗಲೂ ಪ್ರವಚನ ಮುಂದುವರಿಸಿದರು. 1943ರಲ್ಲಿ ನಾಜಿಗಳು ಅವರನ್ನು ಕೊಂದರು. ಹೂತಿಟ್ಟಿದ್ದ ಅವರ ಹಸ್ತಪ್ರತಿಗಳು ಯುದ್ಧಾನಂತರ ದೊರೆತು, ಘೆಟ್ಟೋದ ಪ್ರವಚನಗಳು 1960ರಲ್ಲಿ ‘ಏಶ್ ಕೋದೆಶ್’ ಎಂಬ ಹೆಸರಿನಿಂದ ಪ್ರಕಟವಾದವು.

ನಾಜಿ ನರಮೇಧದಲ್ಲಿ ಪೂರ್ವ ಯುರೋಪಿನ ಹಸಿದೀ ಮತ್ತು ಮೂಸಾರ್ ಕೇಂದ್ರಗಳು ನಾಶವಾದವು. ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ಸಾಗುತ್ತಿದ್ದ ಅಭ್ಯಾಸಗಳ ಸರಪಳಿ ಹಲವೆಡೆ ತುಂಡಾಯಿತು. 1960ರ ದಶಕದ ನಂತರ ಅಮೆರಿಕದ ಅನೇಕ ಯೆಹೂದಿ ಯುವಜನರು ಧ್ಯಾನವನ್ನು ಅರಸಿ ಬೌದ್ಧ ಮತ್ತು ಹಿಂದೂ ಗುರುಗಳ ಬಳಿಗೆ ಹೋದರು. ಇದಕ್ಕೆ ಉತ್ತರವೆಂಬಂತೆ ರಬ್ಬಿ ಆರ್ಯೆ ಕಪ್ಲಾನ್ (1934–1983) ಹಳೆಯ ಹಸ್ತಪ್ರತಿಗಳನ್ನು ಆಧರಿಸಿ ಯೆಹೂದಿ ಧ್ಯಾನದ ಕುರಿತು ಮೂರು ಪುಸ್ತಕಗಳನ್ನು ಬರೆದರು. ಕೊನೆಯದು ಅವರ ಮರಣಾನಂತರ 1985ರಲ್ಲಿ ಹೊರಬಂದಿತು. 1990ರಲ್ಲಿ ಯೆಹೂದಿ ವಿದ್ವಾಂಸರ ನಿಯೋಗವೊಂದು ಧರ್ಮಶಾಲೆಗೆ ಬಂದು ದಲಾಯಿ ಲಾಮಾ ಅವರನ್ನು ಭೇಟಿಮಾಡಿತು. ಆ ನಿಯೋಗದಲ್ಲಿದ್ದ ರಬ್ಬಿ ಜಲ್ಮನ್ ಶಾಖ್ಟರ್-ಶಲೋಮಿ (1924–2014) ಅವರು ಹಸಿದೀ ಧ್ಯಾನವನ್ನು ಸಂಪ್ರದಾಯದ ಹೊರಗಿನವರಿಗೂ ತಲುಪಿಸುವ ನವೀಕರಣ ಚಳವಳಿಯ ನಾಯಕರಾಗಿದ್ದರು.

ಈ ಪರಂಪರೆಯ ಲಿಖಿತ ಕೃತಿಗಳು ಬಹುತೇಕ ಪುರುಷರವು. ಮಿಕ್ವೆಯ ಬಳಕೆ ಹೆಚ್ಚಾಗಿ ಉಳಿದದ್ದು ಸ್ತ್ರೀಯರಲ್ಲಿ. ಆ ಸಂದರ್ಭಕ್ಕಾಗಿ ಮತ್ತು ಸಬ್ಬತ್ ದೀಪ ಹಚ್ಚುವಾಗ ಹೇಳಿಕೊಳ್ಳಲು ಯಿದ್ದಿಶ್ ಭಾಷೆಯಲ್ಲಿ ‘ತ್ಖಿನೆಸ್’ ಎಂಬ ಪ್ರಾರ್ಥನೆಗಳು 17ನೇ ಶತಮಾನದಿಂದ ಅಚ್ಚಾಗಿವೆ, ಅವುಗಳಲ್ಲಿ ಕೆಲವನ್ನು ಸ್ತ್ರೀಯರೇ ರಚಿಸಿದ್ದಾರೆ. ಇತ್ತೀಚಿನ ದಶಕಗಳಲ್ಲಿ ರೋಗದಿಂದ ಚೇತರಿಸಿಕೊಂಡಾಗ, ಗರ್ಭಪಾತದ ಅಥವಾ ವಿಚ್ಛೇದನದ ನಂತರ ಮಿಕ್ವೆಯಲ್ಲಿ ಧ್ಯಾನಪೂರ್ವಕವಾಗಿ ಮುಳುಗುವ ಹೊಸ ಆಚರಣೆಗಳು ಅಮೆರಿಕ ಮತ್ತು ಇಸ್ರೇಲಿನ ಕೆಲವು ಸಮುದಾಯಗಳಲ್ಲಿ ರೂಪುಗೊಂಡಿವೆ. ಇವು ಧರ್ಮಶಾಸ್ತ್ರದ ವಿಧಿಗಳಲ್ಲವೆಂದು ಸಂಪ್ರದಾಯಸ್ಥರು ಪ್ರತ್ಯೇಕಿಸುತ್ತಾರೆ.